ಹೊರಟವರನ್ನು ಎಲ್ಲಿಗೆ ಎನ್ನಬಾರದು

ನಯನ ಜಗಲಿಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟಳೋ ಇಲ್ಲವೋ, ಎಡಗಡೆಯಿಂದ ದೊಡ್ಡಮ್ಮ ಮೀನಾಕ್ಷಮ್ಮನ ದನಿ ಬಂತು.

"ಎಲ್ಲಿಗೇ, ನಯನಾ?"

ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂಥ ದನಿ. ನಯನ ಹಲ್ಲು ಕಚ್ಚಿದಳು. ಅಷ್ಟರಲ್ಲಿ ಅವಳ ತಾಯಿ ಜಯಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಒಳಗಿನಿಂದ ಓಡಿ ಬಂದಳು.

"ಬಾ ಒಳಕ್ಕೆ. ಕುಂತ್ಕೊ. ನೀರ್ ಕುಡ್ದು ಹೋಗು."

"ಅಮ್ಮಾ, ನಾನು ತೋಟದ್ ತನಕ ಹೋಗ್ತಿರೋದು. ಕಾಶಿಗಲ್ಲ."

"ನಿಮ್ಮಪ್ಪನೂ ಕಾಶಿಗ್ ಹೋಗಿರ್ಲಿಲ್ಲ. ಬಾ ಅಂದ್ರೆ ಬಾ."

ಮನೆಯಿಂದ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಸಖರಾಯಪಟ್ಟಣದ ಸುತ್ತಿನಲ್ಲಿ ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಕೇಳಲೇಬೇಕೆಂದರೆ 'ದೂರಾನಾ?' ಎನ್ನಬೇಕು. ಹೊರಟವರು ಬೊಂಬಾಯಿಗೆ ಹೊರಟಿದ್ದರೂ 'ಇಲ್ಲೇ' ಎನ್ನಬೇಕು. ಬಾಯಿ ತಪ್ಪಿ ಯಾರಾದರೂ 'ಎಲ್ಲಿಗೆ' ಅಂದುಬಿಟ್ಟರೆ, ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡಬೇಕು. ಆದರೆ ಮೀನಾಕ್ಷಮ್ಮನದು ತಪ್ಪುವ ಬಾಯಲ್ಲ. ಗುರಿ ತಪ್ಪದ ಬಾಯಿ.

ನಯನ ಒಳಗೆ ಬಂದು ಕೂತಳು. ನೀರು ಕುಡಿದಳು. ಕೂತವಳನ್ನು ಸುಮ್ಮನೆ ಎದ್ದು ಹೋಗಲು ಬಿಡುವ ತಾಯಿ ಕಡೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

"ಹೆಂಗೂ ಬಂದಿದೀಯ, ಹಾಲು ಉಕ್ಕತ್ತೆ ನೋಡು."

ಹಾಲು ನೋಡುವಾಗ ಫೋನು ಕಿಣಿ ಎಂದಿತು. ಹಳೆಯ ಗೆಳತಿ ತ್ರಿವೇಣಿ ಸೀಮಂತದ ಫೋಟೋ ಹಾಕಿದ್ದಳು. ಒಂದನ್ನು ನೋಡಿ ಉಳಿದವನ್ನು ನೋಡದಿರುವುದು ಹೇಗೆ? ಅದು ಮುಗಿಯುವಷ್ಟರಲ್ಲಿ ಮೂಲೆಮನೆಯವರು ಬಾಗಿಲಲ್ಲಿ ನಿಂತಿದ್ದರು. "ನಯನಮ್ಮಾ, ಹೆಂಗೂ ಹತ್ತೋದು ಕಲ್ತಿದೀಯಲ್ಲ, ನಮ್ ಡಿಶ್ಶು ತಿರುಗ್ಬಿಟ್ಟೈತೆ, ಒಂಚೂರು ಮಾಳಿಗೆ ಹತ್ತಿ ಸರಿ ಮಾಡಿಕೊಟ್ ಹೋಗವ್ವ." ಅದಾದ ಮೇಲೆ ಅವರ ಪಕ್ಕದವರ ಫ್ಯೂಸು. ನಯನಳಿಗೆ ಕೆಲಸದ ಆದೇಶ ಬಂದಿರಲಿಲ್ಲ. ಬೀದಿಯವರು ಮಾತ್ರ ಅವಳನ್ನು ಆಗಲೇ ನೇಮಿಸಿಕೊಂಡಿದ್ದರು, ಸಂಬಳವೊಂದನ್ನು ಬಿಟ್ಟು.

ಕೊನೆಗೆ ಅವಳು ತೋಟ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಳೇ ಪಂಪ್‌ಸೆಟ್ಟಿನ ಲೈನು ಕಿತ್ತುಹೋದ ಮೇಲೆ ತೋಟದ ಬದುವಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಮೆಂಟ್ ಕಂಬ, ಕಾದ ಹೆಂಚಿನಂತಿತ್ತು. ತಬ್ಬಿಕೊಂಡರೆ ಎದೆ ಸುಡುತ್ತಿತ್ತು. ಅರ್ಧಕ್ಕೆ ಹತ್ತಿ ಇಳಿದಳು. ಆ ದಿನ ಹಾಗೆ ಹೋಯಿತು. ಅದರ ಹಿಂದಿನ ದಿನವೂ ಹಾಗೇ ಹೋಗಿತ್ತು.

ವಿದ್ಯುತ್ ಕಂಪನಿಯ ಲೈನ್‌ಮ್ಯಾನ್ ಕೆಲಸಕ್ಕೆ ಅರ್ಜಿ ಹಾಕಿದ್ದಳು ನಯನ. ಅಂಕಗಳು ಸಾಕಷ್ಟಿದ್ದವು. ಉಳಿದಿದ್ದು ದೇಹದ ಪರೀಕ್ಷೆ. ಓಟ, ಗುಂಡೆಸೆತಗಳಲ್ಲಿ ಒಂದರಲ್ಲಿ ಸೋತರೂ ನಡೆಯುತ್ತಿತ್ತು. ಕಂಬ ಹತ್ತುವುದರಲ್ಲಿ ಸೋತರೆ ಮನೆಗೆ. ನಾಲ್ಕಾಳು ಎತ್ತರದ ನುಣುಪು ಕಂಬ, ಹಗ್ಗವಿಲ್ಲ, ಏಣಿಯಿಲ್ಲ, ಕೊಟ್ಟ ಹೊತ್ತಿನೊಳಗೆ ತುದಿಯ ಕೆಂಪು ಪಟ್ಟಿ ಮುಟ್ಟಬೇಕು. ಪರೀಕ್ಷೆ ತರೀಕೆರೆಯ ಮೈದಾನದಲ್ಲಿ. ಇನ್ನೊಂದು ಅವಕಾಶ ಬರುವ ಹೊತ್ತಿಗೆ ವಯಸ್ಸು ಮೀರಿರುತ್ತದೆ.

ಇದೇ ಪರೀಕ್ಷೆಗೆ ಮೀನಾಕ್ಷಮ್ಮನ ಮಗ ಧರ್ಮೇಶನಿಗೂ ಕರೆ ಬಂದಿತ್ತು. ಲೈನ್ ಹೊಡೆಯುವುದರಲ್ಲಿ ಅವನಿಗೆ ಹೈಸ್ಕೂಲಿನಿಂದಲೇ ಅನುಭವವಿತ್ತು; ಲೈನಿನ ಕಂಬದ ಹತ್ತಿರ ಮಾತ್ರ ಸುಳಿದಿರಲಿಲ್ಲ. ಅವನ ಅಪ್ಪ ತಿಮ್ಮಪ್ಪ ಸಂತೆಯಲ್ಲಿ ಕೂತು ರೀಲು ಬಿಡುತ್ತಿದ್ದ ಮನುಷ್ಯ. ಮಗ ಕೂತಲ್ಲಿಂದಲೇ ರೀಲ್ಸ್ ಬಿಡುತ್ತಿದ್ದ. ಕಂಬದ ಬುಡದಲ್ಲಿ ಕಪ್ಪು ಕನ್ನಡಕ ಹಾಕಿ ನಿಂತು, 'ಗುರಿ ದೊಡ್ಡದಿರಲಿ ಗೆಳೆಯರೇ' ಎಂದು ಒಂದು ಬಿಟ್ಟಿದ್ದ. ತುಂಬಾ ಜನ ಮೆಚ್ಚಿದ್ದರು. ಮೆಚ್ಚಿದವರನ್ನು ಎಣಿಸುತ್ತಾ ಅವನ ಬೆಳಗು ಕಳೆಯುತ್ತಿತ್ತು.

ಮನೆ ಒಡೆದು ಎರಡಾಗಿದ್ದರೂ ಜಗಲಿ ಒಡೆದಿರಲಿಲ್ಲ. ಎಡಕ್ಕೆ ಮೀನಾಕ್ಷಮ್ಮ, ಬಲಕ್ಕೆ ಜಯಲಕ್ಷ್ಮಮ್ಮ. ವಾರಗಿತ್ತಿಯರು ನೇರ ಮಾತಾಡಿ ವರ್ಷಗಳೇ ಆಗಿದ್ದವು. ಬೈಗುಳವೆಲ್ಲ ಗಾಳಿಗೆ, ಕೋಳಿಗೆ, ಕಸಬರಿಗೆಗೆ. ಕಾರಣ ನಯನಳ ಅಪ್ಪನ ಸಾವು. ಅಜ್ಜಂಪುರಕ್ಕೆ ಎತ್ತು ನೋಡಲು ಬೈಕು ಹತ್ತಿದ್ದವನನ್ನು ಇದೇ ಜಗಲಿಯಿಂದ ಮೀನಾಕ್ಷಮ್ಮ 'ಎಲ್ಲಿಗಪ್ಪಾ?' ಅಂದಿದ್ದಳು. ಆಗ ಅದು ನಿಜಕ್ಕೂ ಬಾಯಿ ತಪ್ಪಿದ್ದೇ. ಅವನು ನಕ್ಕು, ಇಳಿಯದೆ, ಗಾಡಿ ಓಡಿಸಿಕೊಂಡು ಹೋದ. ಸಂಜೆಗೆ ಲಾರಿಯ ಸುದ್ದಿ ಬಂತು. ಹೆಣದ ಮುಂದೆ ಕೂತೇ ಜಯಲಕ್ಷ್ಮಮ್ಮ ಕೈ ತೋರಿಸಿದಳು: "ಇವಳೇ ಕೊಂದೋಳು. ಕೇಳಿ ಕೊಂದೋಳು." ಊರು ಆ ಹೆಸರನ್ನು ಮರೆಯಲಿಲ್ಲ. ಮೀನಾಕ್ಷಮ್ಮ ಅಂದಿನಿಂದ ಯಾರು ಹೊರಟರೂ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ಇಬ್ಬರು ಮಕ್ಕಳಿಗೂ ಪರೀಕ್ಷೆಯ ಕರೆ ಬಂದ ಮೇಲೆ ಮಾತ್ರ ಬಾಯಿಂದ ಸೆರಗು ತೆಗೆದಳು.

"ಕೇಳ್ದೆ ಇದ್ದಾಗ್ಲೂ ಕೇಳ್ದೋಳು ಅಂದ್ರು. ಇನ್ ಕೇಳಿದ್ರೇನಂತೆ?" ಎಂದು ಅವಳು ಕೋಳಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತ್ತು.

ನಯನ ಉಪಾಯಗಳನ್ನು ಹೂಡಿ ನೋಡಿದಳು. ಹಿತ್ತಲ ಬಾಗಿಲಿಂದ ಹೊರಟಳು. ಹಿತ್ತಲು ದೊಡ್ಡಪ್ಪನ ಪಾಲಿನದು, ಬೇಲಿ ಹಾಕಿ ದಾರಿ ಮುಚ್ಚಿದ್ದ. ನೀರಿನ ಲೋಟವನ್ನು ಜಗಲಿಯ ಮೇಲೆಯೇ ಇಟ್ಟುಕೊಂಡು, ಕೇಳಿದ ಕೂಡಲೇ ಅಲ್ಲೇ ಕೂತು ಗಟಗಟ ಕುಡಿದು ಎದ್ದಳು.

"ಹೊಸ್ಲು ದಾಟಿ ಒಳಗ್ ಬಂದ್ರೇನೇ ಲೆಕ್ಕ," ಅಂದಳು ತಾಯಿ.

ಒಳಗೆ ಬಂದು ಕುಡಿದು ಹೊರಟರೆ ಮೀನಾಕ್ಷಮ್ಮ ಕಾದಿದ್ದು ಎರಡನೇ ಸಲ ಕೇಳಿದಳು. ಮತ್ತೆ ನೀರು. ಮೂರನೇ ಸಲ ಕೇಳಿದಾಗ ನಯನಳ ಹೊಟ್ಟೆ ತುಂಬಿದ ಕೊಡದಂತೆ ಕುಲುಕುತ್ತಿತ್ತು. ಕಂಬ ತಬ್ಬಿದರೆ ಕುಡಿದದ್ದೆಲ್ಲ ಗಂಟಲಿಗೆ ಬರುತ್ತಿತ್ತು.

ಅದರ ಮರುದಿನ ಅವಳ ತಾಳ್ಮೆ ಹರಿಯಿತು. 'ಎಲ್ಲಿಗೇ' ಎಂದು ಬಂದದ್ದೇ ತಡ, ಬೀದಿ ಮಧ್ಯೆ ನಿಂತು, ಸೊಂಟಕ್ಕೆ ಕೈಯಿಟ್ಟು, ದೊಡ್ಡಮ್ಮನ ದನಿಯನ್ನೇ ಹಿಡಿದಳು. ಆ ಎಳೆತ, ಕೊನೆಗೆ ಮೂಗಿನಲ್ಲಿ ಮುಗಿಯುವ ಆ ರಾಗ, ಎಲೆಯಡಿಕೆ ಪಕ್ಕಕ್ಕೆ ಸರಿಸಿಕೊಳ್ಳುವ ಆ ನಾಲಿಗೆ.

"ಎಲ್ಲಿಗ್ಹೋಗ್ತೀಯೇ ಕಾಗೇ? ಎಲ್ಲಿಗ್ಹೋಗ್ತೀಯೇ ಬಿಸ್ಲೇ? ಲೇ ಧರ್ಮಾ, ನೀನ್ ಮಾತ್ರ ಎಲ್ಲಿಗೂ ಹೋಗ್ಬೇಡ ಕಣೋ, ಕುಂತಲ್ಲೇ ಉದ್ಧಾರ ಆಗು!"

ನಲ್ಲಿ ಹತ್ತಿರ ಇದ್ದ ಹೆಂಗಸರು ಕೊಡ ಇಳಿಸಿ ನಕ್ಕರು. ನಯನ ಸುಮ್ಮನಾಗಬೇಕಿತ್ತು, ಆಗಲಿಲ್ಲ. ನಕ್ಕವರು ಇನ್ನೊಂದು ಕೇಳಿದರು. ಅವಳು ದೊಡ್ಡಪ್ಪನ ಕೆಮ್ಮು ಮಾಡಿದಳು, ಕಡೂರು ಬಸ್ಸಿನ ಕಂಡಕ್ಟರನ 'ಮುಂದಕ್ಹೋಗಿ ಮುಂದಕ್ಹೋಗಿ' ಮಾಡಿದಳು. ಮೀನಾಕ್ಷಮ್ಮ ಕಸಬರಿಗೆ ಹಿಡಿದು ಇಳಿದಳು.

"ಅಪ್ಪನ್ ತಿಂದ್ಕೊಂಡ್ ಹುಟ್ಟಿದೋಳೇ! ಹೆಣ್ಣು ಕಂಬ ಹತ್ತುತ್ತಂತೆ, ಕಂಬ! ಮಾನ ಇಳ್ಸಕ್ಕೆ!"

"ನಾನ್ ತಿಂದಿಲ್ಲ ದೊಡ್ಡಮ್ಮ, ನೀನ್ ತಿಂದ್ಬಿಟ್ಟು ಇನ್ನೂ ಬಾಯಿ ಒರ್ಸ್ಕೊಂಡಿಲ್ಲ!"

ಬೀದಿ ಹೋ ಎಂದಿತು. ಗೆದ್ದ ಖುಷಿಯಲ್ಲಿ ನಯನ ತೋಟಕ್ಕೆ ಹೋದರೆ ದೊಡ್ಡಪ್ಪ ಕಂಬಕ್ಕೆ ಎಮ್ಮೆ ಕಟ್ಟಿ ಹೋಗಿದ್ದ. ಎಮ್ಮೆ ಕಂಬಕ್ಕೆ ಮೈ ಉಜ್ಜಿ ಉಜ್ಜಿ ಸೆಗಣಿ ಬಳಿದಿತ್ತು. ಬಿಸಿಲಿಗೆ ಆಗಲೇ ಒಣಗಿ ಚಕ್ಕೆಯೆದ್ದಿತ್ತು.

ಎಮ್ಮೆಯ ಎದುರು ನಿಂತು ಅವಳಿಗೆ ಹೊಳೆದದ್ದು ಇಷ್ಟೇ. ದೊಡ್ಡಮ್ಮನಿಗೆ ಅವಳು ಸೋಲುವುದು ಬೇಕಾಗಿರಲಿಲ್ಲ, ನಿಲ್ಲುವುದು ಬೇಕಾಗಿತ್ತು. ನಿಂತು ನೀರು ಕುಡಿದರೂ ನಿಂತ ಹಾಗೆ, ನಿಂತು ಜಗಳ ಗೆದ್ದರೂ ನಿಂತ ಹಾಗೆ. ಇವತ್ತು ಅವಳನ್ನು ಯಾರೂ ತಡೆದಿರಲಿಲ್ಲ. ಚಪ್ಪಾಳೆಯ ಮುಂದೆ ಅವಳೇ ನಿಂತಿದ್ದಳು.

ಅವತ್ತಿನಿಂದ ಅವಳು ಬಾಯಿ ಮುಚ್ಚಿದಳು. ಫೋನನ್ನು ರಾಗಿ ಡಬ್ಬಿಯಲ್ಲಿ ಹೂತಿಟ್ಟಳು. ಡಿಶ್ಶಿನವರಿಗೆ, ಫ್ಯೂಸಿನವರಿಗೆ "ಆಗಲ್ಲ" ಅಂದಳು. 'ಆಮೇಲೆ ಬತ್ತೀನಿ' ಎನ್ನಬಹುದಿತ್ತು, ಎನ್ನಲಿಲ್ಲ. ತ್ರಿವೇಣಿಯ ಸೀಮಂತಕ್ಕೆ ಹೋಗಲಿಲ್ಲ. ತ್ರಿವೇಣಿ ಮಾತು ಬಿಟ್ಟಳು. 'ಇನ್ನೂ ಕೆಲ್ಸಾನೇ ಸಿಕ್ಕಿಲ್ಲ, ಕೊಬ್ಬು ಆಗ್ಲೇ ಹೈ ವೋಲ್ಟೇಜು' ಎಂದು ನಲ್ಲಿ ಹತ್ತಿರದವರು ಮಾತಾಡಿಕೊಂಡರು. ಬೆಳಕು ಹರಿಯುವ ಮೊದಲೇ, ಮೀನಾಕ್ಷಮ್ಮ ಕೊಟ್ಟಿಗೆಯಲ್ಲಿರುವಾಗಲೇ ಹೊರಟುಬಿಡುತ್ತಿದ್ದಳು. ಎಮ್ಮೆ ಬಿಚ್ಚಿ, ಕಂಬ ತೊಳೆದು, ಅಂಗೈಗೆ ಒಲೆಯ ಬೂದಿ ಉಜ್ಜಿಕೊಂಡು ಹತ್ತುತ್ತಿದ್ದಳು. ಇಳಿಯುತ್ತಿದ್ದಳು. ಮತ್ತೆ ಹತ್ತುತ್ತಿದ್ದಳು. ಮೊಣಕಾಲಿನ ಚರ್ಮ ಎದ್ದು, ಒಣಗಿ, ದಪ್ಪಗಾಯಿತು.

ಪರೀಕ್ಷೆಯ ಹಿಂದಿನ ಸಂಜೆ, ರೊಟ್ಟಿ ತಟ್ಟುತ್ತಿದ್ದ ತಾಯಿಗೆ ಹೇಳಿದಳು: "ನಾಳೆ ದೊಡ್ಡಮ್ಮ ಕೇಳೇ ಕೇಳ್ತಾಳೆ. ನಾನು ತಿರುಗಲ್ಲ ಕಣಮ್ಮ. ತರೀಕೆರೆ ಮುಟ್ಟಕ್ಕೆ ಇರೋದು ಅದೊಂದೇ ಬಸ್ಸು."

ಜಯಲಕ್ಷ್ಮಮ್ಮ ರೊಟ್ಟಿಯನ್ನು ಹಂಚಿಗೆ ಎಸೆದಳು. "ತಿರುಗ್ದೇ ಹೋದೋರು ಒಬ್ರು ಈ ಮನೇಲಿ ಇದ್ರು. ಫೋಟೋದಲ್ಲಿ ಅವ್ರೆ ನೋಡು, ಹಾರ ಹಾಕಿದೀನಿ."

"ಅದು ಲಾರಿ ಅಮ್ಮ. ಲಾರಿಯೋನು ಕುಡ್ದಿದ್ದ."

"ಲಾರಿ ಅಂತ ಅನ್ಬೇಡ! ಅವಳ ಬಾಯಿ!" ಕೈಯಲ್ಲಿದ್ದ ಹಿಟ್ಟು ನೆಲಕ್ಕೆ ಬಿತ್ತು. "ಲಾರಿ ಅನ್ನೋದಾದ್ರೆ ನಾನು ಇಷ್ಟ್ ವರ್ಷ ಯಾರನ್ನೇ ಬೈದಿದ್ದು? ಟಯರ್ನಾ?"

ಮರುಬೆಳಗ್ಗೆ ಮೀನಾಕ್ಷಮ್ಮ ಕೊಟ್ಟಿಗೆಗೆ ಹೋಗಿರಲಿಲ್ಲ. ಜಗಲಿಯ ಮೇಲೆ, ಕಂಬಳಿ ಹೊದ್ದು, ಮೆಟ್ಟಿಲಿಗೇ ಮುಖ ಮಾಡಿ ಕೂತಿದ್ದಳು. ಬಸ್ಸಿನ ಹಾರ್ನು ಊರಬಾಗಿಲಲ್ಲಿ ಕೇಳಿಸಿತು. ನಯನ ಚೀಲ ಹೆಗಲಿಗೇರಿಸಿ ಹೊರಬಂದಳು. ಮೊದಲ ಮೆಟ್ಟಿಲು, ಎರಡನೆಯದು.

"ಎಲ್ಲಿಗೇ?"

ಈ ಸಲ ಪಾಕವಿರಲಿಲ್ಲ. ಬರೀ ಚಾಕು.

ಮಾತು ಬಾಯಿಂದ ಹೊರಬಿದ್ದ ಆ ಗಳಿಗೆಯಲ್ಲೇ, ಎಡಗಡೆಯ ಬಾಗಿಲಿನಿಂದ ಧರ್ಮೇಶ ಕೂದಲಿಗೆ ಬಾಚಣಿಗೆ ಓಡಿಸುತ್ತಾ ಬಂದು ಅದೇ ಮೆಟ್ಟಿಲಿಗೆ ಕಾಲಿಟ್ಟ. ಅವನೂ ಅದೇ ಬಸ್ಸಿಗೆ, ಅದೇ ಪರೀಕ್ಷೆಗೆ ಹೊರಟವನು. ಮೀನಾಕ್ಷಮ್ಮ ಮಗನನ್ನು ನೋಡಿದಳು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಒಳಗಿನಿಂದ ತಿಮ್ಮಪ್ಪ ಕೆಮ್ಮಿ ಹೇಳಿದ: "ಇಬ್ರೂ ಮೆಟ್ಲು ಮೇಲೇ ಅವ್ರೆ ಕಣೇ."

"ಅಯ್ಯೋ ನನ್ ನಾಲ್ಗೆ ಸೇದ್ಹೋಗ! ಬಾರೋ ಧರ್ಮಾ! ಕುಂತ್ಕೊಳೋ!"

"ಅಮ್ಮ, ಬಸ್ಸು!"

"ಬಸ್ಸಿನ್ ಮನೆ ಹಾಳಾಗ! ಕುಂತ್ಕೊ!" ಅವಳು ಮಗನ ಇಸ್ತ್ರಿ ಅಂಗಿಯನ್ನು ಹಿಡಿದೆಳೆದು ಒಳಕ್ಕೆ ನೂಕಿದಳು. ಧರ್ಮೇಶ ಒಮ್ಮೆ ಬಸ್ಸಿನ ಕಡೆ, ಒಮ್ಮೆ ಅಮ್ಮನ ಕಡೆ ನೋಡಿ, ಕೂತ. ಕೂತ ರೀತಿಯಲ್ಲಿ ದುಃಖವೇನೂ ಕಾಣಲಿಲ್ಲ. ನೀರು ಕುಡಿದ. ಇನ್ನೊಂದು ಲೋಟ ಕೇಳಿದ.

ನಯನ ಇಷ್ಟನ್ನೂ ನೋಡಲು ನಿಂತಿರಲಿಲ್ಲ. ಬೀದಿಯ ಅರ್ಧ ದಾಟಿದ್ದಳು. ಬೆನ್ನಿಗೆ ತಾಯಿಯ ಕೂಗು ಬಂತು.

"ನಯನಾ! ತಿರುಗೇ! ಒಂದ್ ಸಲ ತಿರುಗೇ ನನ್ನವ್ವಾ!"

ಹಿಂದಿನಿಂದ ಹೆಸರು ಹಿಡಿದು ಕೂಗುವುದು 'ಎಲ್ಲಿಗೆ'ಗಿಂತ ಕೆಟ್ಟದ್ದು. ತಾಯಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕೂಗಿದಳು. ನಯನಳ ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ಅವಳು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಓಡಿ, ಬಸ್ಸು ಹತ್ತಿದಳು. ಬಸ್ಸು ಕಡೂರಿನತ್ತ ಹೊರಟ ಮೇಲೂ ಕಿಟಕಿಯಿಂದ ಹೊರಗೆ ನೋಡಲಿಲ್ಲ.

ತರೀಕೆರೆಯ ಮೈದಾನದಲ್ಲಿ ನಾಲ್ಕು ಕಂಬ ನೆಟ್ಟಿದ್ದರು. ಬುಡಕ್ಕೆ ಮರಳು ಸುರಿದಿದ್ದರು. ಅವಳಿಗಿಂತ ಮುಂದಿದ್ದ ಗಂಡಸೊಬ್ಬ ತುದಿಯ ಹತ್ತಿರ ಹೋಗಿ ಜಾರಿ ಮರಳಿಗೆ ಬಿದ್ದು, ಎದ್ದು, ಯಾರ ಮುಖವನ್ನೂ ನೋಡದೆ ಚಪ್ಪಲಿ ಹುಡುಕಿಕೊಂಡು ಹೋದ. ನಯನಳ ಹೆಸರು ಕರೆದರು.

"ಹೆಣ್ಮಗು ನೋಡ್ರೋ," ಎಂದು ಸಾಲಿನಲ್ಲಿ ಯಾರೋ ಅಂದ. "ಕೆಳಗ್ ನಿಂತ್ಕೊಂಡು ಹಿಡ್ಕೊಳ್ಳನಾ?" ಇನ್ನೊಬ್ಬ ಹಲ್ಲು ಬಿಟ್ಟ. ಇವನ ದನಿಯನ್ನು ಹಿಡಿದು ಇವನಿಗೇ ತಿರುಗಿಸುವ ಆಸೆ ಅವಳ ನಾಲಿಗೆಯ ತುದಿಗೆ ಬಂತು. ನುಂಗಿದಳು.

ಸೀಟಿ ಊದಿದರು. ಕಂಬ ತಬ್ಬಿದಳು. ಪಾದ ಒತ್ತಿ, ಮಂಡಿ ಬಿಗಿದು, ಮೈ ಎತ್ತಿ, ಕೈ ಮೇಲಕ್ಕೆ. ತೋಟದ ಕಂಬಕ್ಕಿಂತ ಇದು ನುಣುಪು, ಹೊಸ ಸಿಮೆಂಟು. ಅರ್ಧ ದಾಟಿದ ಮೇಲೆ ಎಡಪಾದ ಜಾರಿತು. ಮೈ ಸರ್ರನೆ ಕೆಳಕ್ಕೆ ಎಳೆಯಿತು. ಅಂಗೈಯ, ಮುಂಗೈಯ ಒಳಭಾಗದ ಚರ್ಮ ಕಂಬಕ್ಕೆ ಅಂಟಿ ಉಳಿಯಿತು. ಕೆಳಗಿನಿಂದ ಹೋ ಎಂಬ ಸದ್ದು.

ಬಂತು, ಎಂದುಕೊಂಡಳು. ಬೆನ್ನಟ್ಟಿಕೊಂಡು ಬಂದೇ ಬಿಟ್ಟಿತು. ಯಾರ ದನಿಯನ್ನೂ ಅನುಕರಿಸಬಲ್ಲ ಅವಳ ತಲೆಯೊಳಗೆ ಈಗ ದನಿಗಳೆಲ್ಲ ತಾವಾಗಿಯೇ ಆಡತೊಡಗಿದವು: ಎಲ್ಲಿಗೇ, ತಿರುಗೇ, ಹಾರ ಹಾಕಿದೀನಿ ನೋಡು. ಅವಳಿಗೆ ಅಳು ಬರಲಿಲ್ಲ. ಕೆಟ್ಟ ಸಿಟ್ಟು ಬಂತು. ದೊಡ್ಡಮ್ಮನ ಮೇಲೆ, ಅಮ್ಮನ ಮೇಲೆ, ಒಂದು ಕ್ಷಣ ಇಳಿದು ಒಂದು ಲೋಟ ನೀರು ಕುಡಿಯಲಾಗದ ಅಪ್ಪನ ಮೇಲೂ. ಆ ಸಿಟ್ಟಿನಲ್ಲೇ ಮಂಡಿ ಬಿಗಿದಳು. ಮೂಗಿನ ಮುಂದೆ ಗೇಣಗಲ ಸಿಮೆಂಟು ಇತ್ತು. ಅದನ್ನೊಂದನ್ನೇ ನೋಡಿದಳು. ಅದು ಕೆಳಗೆ ಹೋಯಿತು. ಇನ್ನೊಂದು ಗೇಣು ಬಂತು. ಅದನ್ನು ನೋಡಿದಳು. ಕೈಗೆ ಕೆಂಪು ಬಣ್ಣ ಹತ್ತಿದಾಗ ಅದು ರಕ್ತವೋ ಪಟ್ಟಿಯೋ ತಿಳಿಯಲಿಲ್ಲ. ಕೆಳಗೆ ಸೀಟಿ ಕೇಳಿತು.

"ಆಯ್ತು, ಇಳೀರಿ," ಎಂದ ಅಧಿಕಾರಿ ಗಡಿಯಾರ ನೋಡಿ, ಹಾಳೆಯಲ್ಲಿ ಗುರುತು ಹಾಕಿದ. "ಪಾಸು. ಓಟ ಆ ಕಡೆ. ಮುಂದಿನೋರು ಬನ್ನಿ."

ಓಟವೂ ಉಳಿದವೂ ಮುಗಿದು, ಅರ್ಹಳೆಂಬ ಚೀಟಿ ಕೈಗೆ ಬಂದು, ಕಡೂರಿನಲ್ಲಿ ಬಸ್ಸು ಬದಲಿಸಿ ಅವಳು ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಜಗಲಿಯ ಎರಡೂ ತುದಿಯಲ್ಲಿ ಇಬ್ಬರೂ ಕೂತಿದ್ದರು. ಇಬ್ಬರ ಕಣ್ಣೂ ಮೊದಲು ಹೋದದ್ದು ಅವಳ ಮುಂಗೈಗೆ ಸುತ್ತಿದ್ದ ಬಟ್ಟೆಗೆ, ಅದರಲ್ಲಿ ಒಸರಿದ ಕೆಂಪಿಗೆ.

ಜಯಲಕ್ಷ್ಮಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ಮೊದಲು ಬಂದದ್ದು ನೋವಲ್ಲ. ಹೊಲದ ವ್ಯಾಜ್ಯ ತನ್ನ ಕಡೆ ಆದವರ ಮುಖ ಹಾಗಿರುತ್ತದೆ.

"ಬಿದ್ದೆ! ಬಿದ್ದೆ ತಾನೇ? ನಾನ್ ಬಡ್ಕೊಂಡೆ, ತಿರುಗೇ ತಿರುಗೇ ಅಂತ! ನೋಡ್ರಪ್ಪಾ ಊರೋರು, ಇವಳ ಬಾಯಿಗೆ ಇನ್ನೊಂದು—"

"ಹತ್ದೆ," ಅಂದಳು ನಯನ. "ಪಾಸ್ ಆಯ್ತು."

ಮೊದಲು ಬಾಯಿ ಬಂದದ್ದು ಮೀನಾಕ್ಷಮ್ಮನಿಗೆ. ಅವಳು ಕಂಬಳಿ ಕಿತ್ತೆಸೆದು ಎದ್ದಳು. ಎಷ್ಟೋ ವರ್ಷಗಳ ನಂತರ ವಾರಗಿತ್ತಿಯ ಮುಖಕ್ಕೆ ಮುಖವಿಟ್ಟು ಮಾತಾಡಿದಳು.

"ಕೇಳ್ದ್ಯಾ ಜಯಾ? ಕೇಳ್ದೇನೇ? ನಾನ್ ಕೇಳ್ದೆ, ಅವಳು ತಿರುಗ್ಲಿಲ್ಲ, ನೀನು ಹಿಂದಿಂದ ಕೂಗ್ದೆ, ಆದ್ರೂ ಬದ್ಕಿ ಬಂದವ್ಳೆ! ಏನೈತೇ ನನ್ ಬಾಯಲ್ಲಿ? ಕೊಲೆಗಾತಿ ಅಂದ್ಯಲ್ಲೇ! ನನ್ ತವರಲ್ಲೂ ತಲೆ ಎತ್ತದಂಗೆ ಮಾಡಿದ್ಯಲ್ಲೇ!"

ಎಡಗಡೆಯ ಬಾಗಿಲಲ್ಲಿ ಧರ್ಮೇಶ ಫೋನಿನಿಂದ ತಲೆಯೆತ್ತಿದ. "ಏನೂ ಇಲ್ಲ ಅಂದ್ರೆ ನನ್ನ ಯಾಕಮ್ಮ ಕೂರ್ಸಿದ್ದು?"

"ಮುಚ್ಚೋ ಬಾಯಿ!"

"ಅಲ್ಲಮ್ಮ, ಕೆಲ್ಸ ಹೋಯ್ತಲ್ಲ! ನಿನ್ ಬಾಯಲ್ಲಿ ಏನೂ ಇಲ್ಲ ಅಂತ ಬೆಳಗ್ಗೇನೇ ಹೇಳಕ್ಕಾಗ್ತಿರ್ಲಿಲ್ವಾ?"

ಮೀನಾಕ್ಷಮ್ಮ ಮಗನ ಕಡೆ ತಿರುಗಿದಳು, ಕಸಬರಿಗೆ ಹಾರಿತು. ಜಯಲಕ್ಷ್ಮಮ್ಮ ಒಳಗೆ ಹೋದಳು. ಹಿಂದೆಯೇ ಹೋದ ನಯನ ಗೋಡೆಗೆ ಒರಗಿ ಕೂತಳು. ತಾಯಿ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ತಿರುಗದೆ ಹೇಳಿದಳು:

"ಬಿದ್ದು ಬಂದಿದ್ರೆ ಚೆನ್ನಾಗಿತ್ತು."

ನಯನ ತಲೆಯೆತ್ತಿದಳು.

"ಕಾಲ್ ಮುರ್ಕೊಂಡ್ ಬಂದಿದ್ರೂ ನಾನ್ ಸಾಕ್ತಿದ್ದೆ ಕಣೇ. ಹೊತ್ಕೊಂಡ್ ತಿರುಗ್ತಿದ್ದೆ. ಈಗ ನಿಮ್ಮಪ್ಪ ಹೆಂಗ್ ಸತ್ರು ಅಂತ ನಾನ್ ಯಾರನ್ನ ಕೇಳ್ಲಿ? ಯಾರನ್ನ ಬೈಲಿ?"

ನಯನಳಿಗೆ ಕ್ಷಮಿಸು ಎನ್ನಬೇಕೆನ್ನಿಸಲಿಲ್ಲ. ಬೀಳದೆ ಬಂದದ್ದಕ್ಕೆ ಕ್ಷಮೆ ಕೇಳುವುದು ಹೇಗೆ?

"ಮುಂದಿನ್ ವಾರ ದಾಖಲೆ ತೋರ್ಸಕ್ ಹೋಗ್ಬೇಕು," ಅಂದಳು.

"ಹೋಗು. ಎಲ್ಲಿಗಾದ್ರೂ ಹೋಗು."

ತಾಯಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಮುದ್ದೆ ಹಾಕಿದಳು, ಹುರುಳಿ ಸಾರು ಸುರಿದಳು, ಖಾರ ಎಂದಿನಂತೆ ಮುಂದಾಗಿತ್ತು. ಕಿತ್ತುಹೋದ ಅಂಗೈಗೆ ಸಾರು ತಾಗಿದ ಕೂಡಲೇ ಮೊಣಕೈವರೆಗೆ ಬೆಂಕಿ ಹತ್ತಿದಂತಾಯಿತು. ನಯನಳ ಕಣ್ಣಲ್ಲಿ ನೀರು ಚಿಮ್ಮಿತು. ಚಮಚ ಕೊಡಲೇ ಎಂದು ತಾಯಿ ಕೇಳಲಿಲ್ಲ. ಅವಳೂ ಬೇಡಲಿಲ್ಲ. ಹೊರಗೆ ಜಗಲಿಯಲ್ಲಿ ತಾಯಿಮಗನ ಜಗಳ ಬೀದಿಗಿಳಿದಿತ್ತು. ನಲ್ಲಿಯ ಹೆಂಗಸರು ಆಗಲೇ ಸೇರಿರಬೇಕು, ನಗು ಕೇಳುತ್ತಿತ್ತು. ನಯನ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು.